ಬಾಲ್ಕನಿ ಬಕೆಟ್‌ನಲ್ಲಿ ಡಾಫ್ನಿಯಾ: ಒಂದು ವಾರ ಚೆನ್ನಾಗಿದ್ದು ಇದ್ದಕ್ಕಿದ್ದಂತೆ ಸಾಯೋದು ಯಾಕೆ?

ಬೆಟ್ಟಾಪ್ರಿಯ, ಬೆಂಗಳೂರು:

ಎಲ್ಲರಿಗೂ ನಮಸ್ಕಾರ. ಬೆಟ್ಟಾ ಮತ್ತು ಗಪ್ಪಿ ಮೀನುಗಳಿಗೆ ಜೀವಂತ ಆಹಾರ ಕೊಡಬೇಕು ಅಂತ ಮನೆಯಲ್ಲೇ ಡಾಫ್ನಿಯಾ (ನೀರು ಚಿಗಟ ಅನ್ನೋ ಸಣ್ಣ ಚಿಪ್ಪಿನ ಜೀವಿ) ಬೆಳೆಸ್ತಾ ಇದ್ದೀನಿ. ವ್ಯವಸ್ಥೆ ಹೀಗಿದೆ: 20 ಲೀಟರಿನ ಬಿಳಿ ಬಕೆಟ್, ಅದರಲ್ಲಿ ಸುಮಾರು 16 ಲೀಟರ್ ನೀರು. ಕಾವೇರಿ ನಲ್ಲಿ ನೀರನ್ನ ಒಂದು ದಿನ ತೆರೆದಿಟ್ಟು ಹಾಕ್ತೀನಿ. ಊಟಕ್ಕೆ ಬೇಕರಿ ಡ್ರೈ ಯೀಸ್ಟ್, ದಿನಾ ಅರ್ಧ ಟೀ ಚಮಚ. ಚಿಕ್ಕ ಏರ್ ಪಂಪ್, ಅದರ ತುದಿಗೆ ಏರ್ ಸ್ಟೋನ್. ಬಾಲ್ಕನಿ ಪೂರ್ವಕ್ಕಿದೆ, ಬೆಳಗ್ಗೆ ಎರಡು ಗಂಟೆ ಬಿಸಿಲು ಬೀಳುತ್ತೆ. ಸ್ಟಾರ್ಟರ್, ಅಂದ್ರೆ ಮೊದಲು ಬಿಡೋ ಡಾಫ್ನಿಯಾ, ಅಕ್ವೇರಿಯಂ ಅಂಗಡಿಯಿಂದ ಒಂದು ಕವರ್ ತಂದಿದ್ದು.

ಆರೇಳು ದಿನ ಸಂಖ್ಯೆ ಜೋರಾಗಿ ಏರುತ್ತೆ, ನೀರಲ್ಲಿ ಕೆಂಪು ಮೋಡ ಕಟ್ಟಿದ ಹಾಗೆ ಕಾಣುತ್ತೆ. ಆಮೇಲೆ ಒಂದು ಬೆಳಗ್ಗೆ ನೋಡಿದ್ರೆ ನೀರು ಹಾಲಿನ ಥರ ಬಿಳಿ, ಹುಳಿ ವಾಸನೆ, ತಳದಲ್ಲಿ ಸತ್ತ ರಾಶಿ. ಕೆಲವು ಮೇಲೆ ತೇಲ್ತಾ ಒದ್ದಾಡ್ತಾ ಇರುತ್ತವೆ. ಹೊಸದಾಗಿ ಶುರು ಮಾಡಿದ್ರೂ ಅದೇ ಕಥೆ. ಊಟ ಜಾಸ್ತಿ ಆಯ್ತಾ, ನೀರಿನ ದೋಷಾನಾ, ಗಾಳಿ ಸಾಲ್ತಿಲ್ವಾ? ಇನ್ನೊಂದು ವಿಷಯ, ಬೆಟ್ಟಾ ಜೋಡಿನ ಮರಿಗೆ ಬಿಡಬೇಕು ಅಂತಿದೀನಿ. ಅಷ್ಟರೊಳಗೆ ಇದು ಗಟ್ಟಿಯಾಗಿ ನಿಲ್ಲಬೇಕು. ಅಳತೆ ಸಮೇತ ಹೇಳಿದ್ರೆ ಉಪಕಾರ.

ಹಸಿರುನೀರು, ಮೈಸೂರು:

ಬೆಟ್ಟಾಪ್ರಿಯ ಅವರೇ, ಮೊದಲು ನಿಮ್ಮ ಹತ್ತಿರ ಇರುವುದು ಯಾವುದು ಎಂದು ನೋಡಿಕೊಳ್ಳಿ. ಅಂಗಡಿಯಲ್ಲಿ ಡಾಫ್ನಿಯಾ ಎಂದು ಕೊಡುವುದು ನಮ್ಮಲ್ಲಿ ಹೆಚ್ಚಿನ ಸಲ ಅದರದೇ ಬಳಗದ ಇನ್ನೂ ಚಿಕ್ಕ ಜೀವಿ ಮೊಯಿನಾ ಆಗಿರುತ್ತದೆ. ಒಂದು ಲೋಟದಲ್ಲಿ ತೆಗೆದು ಬೆಳಕಿಗೆ ಹಿಡಿಯಿರಿ. ದೊಡ್ಡವು 1 ಮಿ.ಮೀ. ಆಸುಪಾಸು, ದುಂಡಗೆ, ಹಿಂಭಾಗದಲ್ಲಿ ಮುಳ್ಳಿನಂಥ ಬಾಲ ಇಲ್ಲ ಅಂದರೆ ಮೊಯಿನಾ. ಮುಳ್ಳು ಇದ್ದು 2 ಮಿ.ಮೀ. ದಾಟಿದ್ದರೆ ಡಾಫ್ನಿಯಾ. ಕೆಂಪು ಮೋಡದಂತೆ ಗುಂಪುಗೂಡುತ್ತವೆ ಎಂದಿರಿ, ಅದು ಮೊಯಿನಾದ ಲಕ್ಷಣ. ಬೆಟ್ಟಾ, ಗಪ್ಪಿಗೆ ಅದೇ ಒಳ್ಳೆಯದು, ಬದಲಾಯಿಸಬೇಡಿ. ಡಾಫ್ನಿಯಾದ ದೊಡ್ಡ ಜಾತಿಯಾದ ಮ್ಯಾಗ್ನಾಕ್ಕೆ 18ರಿಂದ 22 ಡಿಗ್ರಿ ಹಿತ. ಬೇಸಿಗೆಯಲ್ಲಿ ನಮ್ಮ ಬಾಲ್ಕನಿಗಳಲ್ಲಿ ಅದನ್ನು ಉಳಿಸಿಕೊಳ್ಳುವುದು ಕಷ್ಟ. ಮೊಯಿನಾ 24ರಿಂದ 31 ಡಿಗ್ರಿವರೆಗೆ ಆರಾಮಾಗಿರುತ್ತದೆ, ಜಾಗವೂ ಕಡಿಮೆ ಸಾಕು.

ಈಗ ಆ ಏಳನೇ ದಿನದ ವಿಷಯ. 26 ಡಿಗ್ರಿಯಲ್ಲಿ ಹುಟ್ಟಿದ ಮೊಯಿನಾ 4–5 ದಿನದಲ್ಲಿ ತಾನೇ ಮರಿ ಹಾಕಲು ಶುರು ಮಾಡುತ್ತದೆ, ಆಮೇಲೆ ಒಂದೂವರೆ–ಎರಡು ದಿನಕ್ಕೊಮ್ಮೆ ಹಾಕುತ್ತಲೇ ಇರುತ್ತದೆ. ಗಂಡು ಬೇಕಿಲ್ಲ, ಹೆಣ್ಣುಗಳು ತಾವೇ ಹೆಣ್ಣು ಮರಿಗಳನ್ನು ಹಾಕುತ್ತವೆ. ಹಾಗಾಗಿ ಮೊದಲ ನಾಲ್ಕು ದಿನ ಏನೂ ಹೆಚ್ಚಿಲ್ಲ ಅನ್ನಿಸಿ, ಐದರಿಂದ ಎಂಟನೇ ದಿನದೊಳಗೆ ಸಂಖ್ಯೆ ಹಲವು ಪಟ್ಟು ಏರುತ್ತದೆ. ನೀವು ಮೊದಲ ದಿನವೂ ಅರ್ಧ ಚಮಚ, ಏಳನೇ ದಿನವೂ ಅರ್ಧ ಚಮಚ ಹಾಕಿದ್ದೀರಿ. ಮೊದಲ ದಿನಗಳಲ್ಲಿ ತಿನ್ನುವವರು ಇಲ್ಲದೆ ಯೀಸ್ಟ್ ತಳಕ್ಕೆ ಕೂತು ಕೊಳೆಯಿತು. ಆ ಕೊಳೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಆಮ್ಲಜನಕ ಹೀರುತ್ತಿರುವಾಗಲೇ ಮೊಯಿನಾ ಸಂಖ್ಯೆಯೂ ತುದಿ ಮುಟ್ಟಿತು. ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಉಸಿರಿಗೇ ಗತಿ ಇಲ್ಲ. ಕೆಂಪು ಬಣ್ಣ ಅದರದೇ ಸೂಚನೆ: ಆಮ್ಲಜನಕ ಕಡಿಮೆಯಾದಾಗ ಅವು ಹಿಮೋಗ್ಲೋಬಿನ್ ಹೆಚ್ಚು ಮಾಡಿಕೊಳ್ಳುತ್ತವೆ. ತಿಳಿಗೆಂಪು ಇದ್ದರೆ ಚಿಂತೆಯಿಲ್ಲ, ಗಾಢ ಕೆಂಪಾದರೆ ಅಂದೇ ನೀರು ಬದಲಾಯಿಸಬೇಕು.

ಅರ್ಧ ಟೀ ಚಮಚ ಡ್ರೈ ಯೀಸ್ಟ್ ಅಂದರೆ ಹತ್ತಿರ ಹತ್ತಿರ ಒಂದೂವರೆ ಗ್ರಾಂ. 16 ಲೀಟರಿಗೆ ಒಂದು ಸಲಕ್ಕೆ 0.4 ಗ್ರಾಂ ದಾಟಬಾರದು, ಶುರುವಿನಲ್ಲಿ ಅದರರ್ಧ. ಇಷ್ಟು ಸಣ್ಣ ತೂಕ ಚಮಚದಲ್ಲಿ ಸಿಗುವುದಿಲ್ಲ, ಅದಕ್ಕೇ ದ್ರಾವಣ ಮಾಡಿಟ್ಟುಕೊಳ್ಳಿ. 5 ಗ್ರಾಂ ಡ್ರೈ ಯೀಸ್ಟ್, 2 ಗ್ರಾಂ ಸ್ಪಿರುಲಿನಾ (ಒಣಗಿಸಿದ ಹಸಿರು ಪಾಚಿ) ಪುಡಿ, 500 ಮಿ.ಲೀ. ಉಗುರುಬೆಚ್ಚಗಿನ ನೀರು. ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಬಟ್ಟೆಯಲ್ಲಿ ಸೋಸಿ. ಗಂಟುಗಳು ಉಳಿದರೆ ಅವು ತಿನ್ನಲಾರವು, ಆ ಗಂಟೇ ಮೊದಲು ಕೊಳೆಯುವುದು. ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಬಳಸಬಹುದು. ಮುಚ್ಚಳ ಬಿಗಿಯಬೇಡಿ, ಯೀಸ್ಟ್ ಗಾಳಿ ಬಿಡುತ್ತದೆ. ಪ್ರತಿ ಸಲ ಬಾಟಲಿ ಅಲ್ಲಾಡಿಸಿ 20 ಮಿ.ಲೀ. ಹಾಕಿದರೆ 0.2 ಗ್ರಾಂ ಯೀಸ್ಟ್ ಹೋದಂತೆ. ಸಂಖ್ಯೆ ಏರಿದ ಮೇಲೆ 40 ಮಿ.ಲೀ. ತನಕ ಹೋಗಬಹುದು. ಸಕ್ಕರೆ ಬೆರೆಸಬೇಡಿ, ಅದು ಬ್ಯಾಕ್ಟೀರಿಯಾಕ್ಕೆ ಊಟ.

ಆದರೆ ಈ ಅಳತೆಗಿಂತ ನೀರು ಹೇಳುವುದನ್ನು ಹೆಚ್ಚು ನಂಬಿ. ಒಂದು ಬಿಳಿ ಟೈಲ್ ಚೂರಿನ ಮೇಲೆ ಪೆನ್ಸಿಲಿನಿಂದ ಗಟ್ಟಿಯಾಗಿ ಗುಣಾಕಾರದ ಗುರುತು ಬರೆದು ಬಕೆಟ್ ತಳದಲ್ಲಿಡಿ. ಊಟ ಹಾಕಿದಾಗ ಗುರುತು ಮಸುಕಾಗಬೇಕು, ಪೂರ್ತಿ ಮರೆಯಾಗಬಾರದು. ಅದು ಮತ್ತೆ ಸ್ಪಷ್ಟವಾಗಿ ಕಂಡಾಗ ಮುಂದಿನ ಊಟ. ಮೊದಲ ದಿನಗಳಲ್ಲಿ ಇದಕ್ಕೆ ಒಂದೂವರೆ ದಿನ ಹಿಡಿಯಬಹುದು, ಸಂಖ್ಯೆ ತುಂಬಿದಾಗ ಐದಾರು ಗಂಟೆಯಲ್ಲೇ ತಿಳಿಯಾಗುತ್ತದೆ. ದಿನ, ಗಂಟೆ ನೋಡಿ ಹಾಕುವವರ ಬಕೆಟ್ ಯಾವತ್ತಾದರೂ ಕೆಡುತ್ತದೆ.

ಕೊನೆಯದಾಗಿ, ತೆಗೆಯುವುದನ್ನು ಶುರುಮಾಡಿ! ನಿಮ್ಮ ಪ್ರಶ್ನೆಯಲ್ಲಿ ಎಲ್ಲೂ ಮೀನಿಗೆ ಹಾಕಿದ ಮಾತೇ ಇಲ್ಲ. ಐದನೇ ಅಥವಾ ಆರನೇ ದಿನದಿಂದ ಪ್ರತಿದಿನ ಐದನೇ ಒಂದು ಭಾಗ, ತುಂಬಿ ತುಳುಕುತ್ತಿದ್ದರೆ ನಾಲ್ಕನೇ ಒಂದು ಭಾಗ ತೆಗೆಯಲೇಬೇಕು. ಮೀನಿಗೆ ಹೆಚ್ಚಾದರೆ ಫ್ರೀಜರಿನಲ್ಲಿಡಿ, ಇಲ್ಲವೇ ಇನ್ನೊಂದು ಬಕೆಟ್ ಶುರುಮಾಡಿ. ಉಳಿಸಿ ಬೆಳೆಸೋಣ ಎಂದು ಬಿಟ್ಟರೆ ಹಸಿವಿಗೆ ಬಿದ್ದು ಮರಿ ಹಾಕುವುದನ್ನು ನಿಲ್ಲಿಸಿ ಗಟ್ಟಿ ಮೊಟ್ಟೆ ಕಟ್ಟುತ್ತವೆ. ಬೆನ್ನಿನ ಮೇಲೆ ಕಂದು ಬಣ್ಣದ, ಕುದುರೆಯ ಜೀನಿನಂಥ ಚುಕ್ಕೆ ಕಂಡರೆ ಅದೇ ಎಂದು ತಿಳಿಯಿರಿ. ಆ ಮೊಟ್ಟೆ ಒಣಗಿದರೂ ಸಾಯುವುದಿಲ್ಲ. ಬಕೆಟ್ ಅಂಚಿಗೆ ಅಂಟಿದ್ದನ್ನು ಕೆರೆದು ಕಾಗದದ ಪೊಟ್ಟಣದಲ್ಲಿ ಇಟ್ಟುಕೊಂಡರೆ, ಎಲ್ಲ ಹೋದ ದಿನ ತಿಳಿನೀರಿಗೆ ಹಾಕಿ ಬೆಳಕಿನಲ್ಲಿಟ್ಟು ಮತ್ತೆ ಎಬ್ಬಿಸಬಹುದು. ಎಲ್ಲವೂ ಒಡೆಯುವುದಿಲ್ಲ, ಕೆಲವು ಒಡೆದರೆ ಸಾಕು.

ಗೌರಾಮಿ ಧಾರವಾಡ:

ಹಸಿರುನೀರು ಸರ್ ಊಟದ್ದು ಸರಿಯಾಗಿ ಹೇಳ್ಯಾರ್ರಿ. ನಾ ಗಾಳಿ, ನೀರು, ಬಿಸಲಿನದು ಹೇಳ್ತೀನಿ.

ಏರ್ ಸ್ಟೋನ್ ಇವತ್ತ ಕಿತ್ತಿಡ್ರಿ. ಮ್ಯಾಲೆ ತೇಲಿ ಒದ್ದಾಡ್ತಾವ ಅಂದ್ರಲ್ಲ, ಅದಕ್ಕ ಅದ ಕಾರಣ. ಸ್ಟೋನಿನ ಸಣ್ಣ ಗುಳ್ಳಿ ಅವುಗಳ ಚಿಪ್ಪಿನೊಳಗ ಸಿಕ್ಕೊಂಡು ಕೆಳಗ ಇಳಿಯಾಕ ಆಗಂಗಿಲ್ಲ, ಮ್ಯಾಲೇ ತೇಲಿ ಹಸಿವಿಗೆ ಸಾಯ್ತಾವ. ಬರೇ ಪೈಪಿನ ತುದಿ ಬಿಡ್ರಿ, ವಾಲ್ವ್ ತಿರುವಿ ದೊಡ್ಡ ಗುಳ್ಳಿ ಎಣಿಸೂವಷ್ಟು ನಿಧಾನ ಬರಂಗ ಇಡ್ರಿ, ಸೆಕೆಂಡಿಗೆ ಒಂದೋ ಎರಡೋ. ಊಟ ತಳಕ್ಕ ಕೂಡಲಾರದಂಗ ನೀರು ಮೆಲ್ಲಕ ತಿರುಗಿದ್ರ ಸಾಕು. ಅಗಲ ಬಾಯಿ ಟಬ್ ಇದ್ದು ನೀರು ಒಂದು ಗೇಣಿನಷ್ಟ ಇದ್ರ ಪಂಪಿನ ಜರೂರಿನೂ ಇಲ್ಲ.

ನೀರಿನಾಗ ಕ್ಲೋರಿನ್ ಇವುಕ್ಕ ವಿಷ. ತೆರೆದಿಡೂದಾದ್ರ ಎರಡು ದಿನ ಇಡ್ರಿ, ಟ್ಯಾಂಕರ್ ನೀರಿಗೆ ಬ್ಲೀಚಿಂಗ್ ಪುಡಿ ಎಷ್ಟು ಹಾಕಿರ್ತಾರ ಯಾರಿಗೂ ಗೊತ್ತಿರಂಗಿಲ್ಲ. ಅವಸರ ಇದ್ರ ಹೈಪೋ (ಕ್ಲೋರಿನ್ ಕಳಿಯೂ ಸೋಡಿಯಂ ಥಯೋಸಲ್ಫೇಟ್) ಹಳ್ಳು 1 ಗ್ರಾಂ 100 ಮಿ.ಲೀ. ನೀರಾಗ ಕರಗಿಸಿ 20 ಲೀಟರಿಗೆ 10 ಮಿ.ಲೀ. ಹಾಕ್ರಿ. ಎಲ್ಲಾಕಿಂತ ಚಲೋ ಅಂದ್ರ ನಿಮ್ಮ ಮೀನಿನ ತೊಟ್ಟಿಯಿಂದ ಬದಲಿ ಮಾಡಿ ತಗದ ನೀರು. ಆದ್ರ ಆ ತೊಟ್ಟಿಗೆ ಔಷಧ ಹಾಕಿರಬಾರ್ದು. ತಾಮ್ರ ಇರೂ ಔಷಧ, ಆಂಕರ್ ವರ್ಮ್ ಮತ್ತು ಮೀನಿನ ಹೇನಿಗೆ ಹಾಕೂ ಔಷಧ, ಇವು ಇಂಥಾ ಚಿಪ್ಪಿನ ಜೀವಿನ್ನ ಕೊಲ್ಲಾಕಂತನ ಇರೂವು. ಮೀನಿಗೆ ಏನೂ ಆಗಿರಂಗಿಲ್ಲ, ಮೊಯಿನಾ ಒಂದೂ ಉಳಿಯಂಗಿಲ್ಲ. ಆರ್‌ಓ ನೀರು ಬರೇ ಅದನ್ನ ಹಾಕಬ್ಯಾಡ್ರಿ, ಚಿಪ್ಪಿಗೆ ಕ್ಯಾಲ್ಸಿಯಂ ಬೇಕು. ಅಪಾರ್ಟ್‌ಮೆಂಟಿನಾಗ ಸಾಫ್ಟ್‌ನರ್ ಇದ್ರ ಅದಕ್ಕಿಂತ ಮೊದಲಿನ ನೀರು ಹಿಡೀರಿ. ಬೋರ್‌ವೆಲ್ ಗಡಸು ನೀರು ಮೊಯಿನಾಕ್ಕ ತ್ರಾಸ ಕೊಡಂಗಿಲ್ಲ.

ಬಿಸಲಿನ ಮಾತಿಗೆ ಬಂದ್ರ, 16 ಲೀಟರ್ ನೀರು ಏಪ್ರಿಲ್‌ನಾಗ ಎರಡು ತಾಸಿನೊಳಗ ಕಾಯ್ತದ. 33 ದಾಟಿತಂದ್ರ ಆಮ್ಲಜನಕಾನೂ ಕಡಿಮಿ, ಊಟ ಕೊಳಿಯೂದೂ ಜೋರ. ಬಕೆಟಿಗೆ ಹಸಿ ಗೋಣಿಚೀಲ ಸುತ್ತಿ ನೆರಳಿಗೆ ಇಡ್ರಿ, ಕೆಳಗ ಒಂದು ಪರಾತದಾಗ ನೀರು ಇದ್ರ ಚೀಲ ತಾನ ಎಳಕೊಂಡು ಹಸಿ ಇರ್ತದ. ಮೀನು ಪೇಟೆಯ ಥರ್ಮಾಕೋಲ್ ಪೆಟ್ಟಿಗಿ ಸಿಕ್ರ ಇನ್ನೂ ಚಲೋ, ತೊಳದು ಒಂದೆರಡು ದಿನ ನೀರು ತುಂಬಿ ಚೆಲ್ಲಿ ಬಳಸ್ರಿ.

ಇನ್ನ ಒಂದು. ಸೊಳ್ಳಿ ಬತ್ತಿ, ಪ್ಲಗ್ಗಿಗೆ ಹಾಕೂ ಲಿಕ್ವಿಡ್, ಜಿರಳಿ ಸ್ಪ್ರೇ, ಇವ್ಯಾವೂ ಬಕೆಟ್ ಇರೂ ಕಡೆ ಬ್ಯಾಡ. ಪಾಲಿಕೆಯವರು ಫಾಗಿಂಗ್ ಮಾಡೂ ದಿನ ಬಕೆಟ್ ಒಳಗ ತಂದು ಪ್ಲಾಸ್ಟಿಕ್ ಹೊದಿಸ್ರಿ. ವಾಸನಿ ಇಲ್ಲ, ನೀರು ತಿಳಿ ಅದ, ಆದ್ರ ಒಂದ ರಾತ್ರಿಗೆ ಎಲ್ಲಾ ತಳ ಹಿಡದಾವ ಅಂದ್ರ ಊಟದ್ದಲ್ಲ, ವಿಷದ್ದು.

ಕಡಲತಡಿ, ಮಂಗಳೂರು:

ಸೊಳ್ಳೆಯ ಮಾತು ಬಂತಲ್ಲ, ಅದನ್ನೇ ಮುಂದುವರಿಸುತ್ತೇನೆ. ಮುಚ್ಚದೆ ಇಟ್ಟ ಬಕೆಟ್ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದಂಥದ್ದೇ. ಮೊಟ್ಟೆಯಿಂದ ರೆಕ್ಕೆ ಬರುವ ತನಕ ಅದಕ್ಕೆ ಒಂದು ವಾರ, ಹತ್ತು ದಿನ ಸಾಕು. 2024ರಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಅಧಿಸೂಚನೆ ಮಾಡಿ, ಸೊಳ್ಳೆ ಬೆಳೆಯಲಿಕ್ಕೆ ಬಿಟ್ಟ ಮನೆಯವರಿಗೂ ದಂಡ ಉಂಟು ಅಂತ ಮಾಡಿದೆ. ದಂಡಕ್ಕಿಂತ ಮುಖ್ಯ ಅಕ್ಕಪಕ್ಕದ ಮನೆಯ ಮಕ್ಕಳ ಆರೋಗ್ಯ. ಬಾಯಿಗೆ ಸೊಳ್ಳೆ ಪರದೆ ಎರಡು ಮಡಿಕೆ ಮಾಡಿ ಎಲಾಸ್ಟಿಕ್ ಹಾಕಿ ಬಿಗಿಯಿರಿ. ಕೀಟನಾಶಕ ಲೇಪಿಸಿದ ಪರದೆ ಬೇಡವೇ ಬೇಡ, ಅದರಿಂದ ಹನಿ ಬಿದ್ದರೆ ಮೊಯಿನಾ ಸಾಯ್ತದೆ. ಸೊಳ್ಳೆ ಮರಿ ಒಳಗೆ ಕಂಡರೆ ಸೋಸಿ ಮೀನಿಗೆ ಹಾಕಿಬಿಡಿ, ಬೆಟ್ಟಾಕ್ಕೆ ಅದೂ ಇಷ್ಟವೇ.

ಯೀಸ್ಟಿನ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಯೀಸ್ಟ್ ಮಾತ್ರ ತಿಂದ ಮೊಯಿನಾದಲ್ಲಿ ಮೀನಿಗೆ ಬೇಕಾದ ಕೊಬ್ಬಿನಾಂಶ ಸಾಲುವುದಿಲ್ಲ. ಹೊಟ್ಟೆ ತುಂಬ್ತದೆ, ಮರಿ ಬೆಳೆಯುವುದು ನಿಧಾನ. ಹಸಿರು ನೀರು, ಅಂದರೆ ಪಾಚಿ ಬೆಳೆದ ನೀರು, ಇದ್ದರೆ ಅದೇ ಮೇಲು. ಪಾಚಿ ಜೀವಂತ ಇರುವುದರಿಂದ ತಿನ್ನದೆ ಉಳಿದದ್ದು ಕೊಳೆಯುವುದಿಲ್ಲ, ಹಗಲಿಗೆ ಆಮ್ಲಜನಕವನ್ನೂ ಕೊಡ್ತದೆ, ಅಮೋನಿಯಾವನ್ನೂ ಎಳೆದುಕೊಳ್ತದೆ. ಯೀಸ್ಟಿನಲ್ಲಿ ಈ ಮೂರೂ ಇಲ್ಲ.

ಮಾಡುವುದು ಕಷ್ಟ ಏನಿಲ್ಲ. ತೊಟ್ಟಿಯಿಂದ ತೆಗೆದ ಹಳೆ ನೀರನ್ನು ಪಾರದರ್ಶಕ 5 ಲೀಟರ್ ಕ್ಯಾನುಗಳಲ್ಲಿ ತುಂಬಿ, ಬಟ್ಟೆಯಲ್ಲಿ ಸೋಸಿಯೇ ತುಂಬಬೇಕು. ಮೊಯಿನಾ ಒಂದು ಒಳಗೆ ಹೋದರೂ ಪಾಚಿಯನ್ನು ಏಳಲಿಕ್ಕೆ ಬಿಡುವುದಿಲ್ಲ. ಯಾರದ್ದಾದರೂ ಹಸಿರು ನೀರು ಒಂದು ಲೋಟ ಸಿಕ್ಕಿದರೆ ಹೆಪ್ಪು ಹಾಕಿದ ಹಾಗೆ ಬೆರೆಸಿ. ಬಿಸಿಲಿಗೆ ಇಟ್ಟು ದಿನಕ್ಕೆ ಎರಡು ಸಲ ಅಲ್ಲಾಡಿಸಿ. ಒಂದು ವಾರದಿಂದ ಹತ್ತು ದಿನದಲ್ಲಿ ಗಾಢ ಹಸಿರು. ಹಾಕುವಾಗ ಬಕೆಟ್ ನೀರು ತೆಳು ಹಸಿರಾದರೆ ಸಾಕು. ನಿಮ್ಮ ಟೈಲಿನ ಗುರುತಿನ ಲೆಕ್ಕವೇ ಇಲ್ಲಿಯೂ ನಡೀತದೆ. ಗಾಢ ಹಸಿರು ನೀರಿಗೆ ನೇರವಾಗಿ ಮೊಯಿನಾ ಬಿಡಬೇಡಿ. ಬಿಸಿಲಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡ್ ಎಲ್ಲ ಎಳೆದು ಮಧ್ಯಾಹ್ನ ಪಿಎಚ್ 10ರ ಹತ್ತಿರ ಹೋಗ್ತದೆ, ಆಗ ಸ್ವಲ್ಪವೇ ಇದ್ದ ಅಮೋನಿಯಾ ಕೂಡ ವಿಷ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನೂ ಖಾಲಿ ಮಾಡ್ತದೆ.

ಮಳೆಗಾಲದಲ್ಲಿ ನಮ್ಮ ಕಡೆ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ, ಆಗ ಯೀಸ್ಟ್, ಸ್ಪಿರುಲಿನಾ ಬಿಟ್ಟರೆ ಗತಿ ಇಲ್ಲ. ಅದನ್ನು ಒಪ್ಪುತ್ತೇನೆ. ಹಾಗೆ ಯೀಸ್ಟಿನಲ್ಲಿ ಬೆಳೆಸಿದರೂ ಮೀನಿಗೆ ಹಾಕುವ ಎರಡು ಮೂರು ಗಂಟೆ ಮೊದಲು ಬೇರೆ ಪಾತ್ರೆಯಲ್ಲಿ ಸ್ಪಿರುಲಿನಾ ನೀರಿಗೆ ಬಿಡಿ. ಹೊಟ್ಟೆಯ ಗೆರೆ ಹಸಿರಾಗುವುದು ಕಣ್ಣಿಗೇ ಕಾಣ್ತದೆ. ಆಮೇಲೆ ತೊಳೆದು ಹಾಕಿ.

ಬಕೆಟಿನಲ್ಲಿ ನಾಲ್ಕೈದು ರಾಮ್ಸ್‌ಹಾರ್ನ್ ಬಸವನಹುಳು ಇರಲಿ, ತಳದ ಕೊಳೆಯನ್ನು ತಿಂತವೆ. ವಾರಕ್ಕೊಮ್ಮೆ ಪೈಪಿನಿಂದ ತಳ ಎಳೆದು ಮೂರನೇ ಒಂದು ಭಾಗ ನೀರು ಬದಲಾಯಿಸಿ. ಒಂದೇ ಬಕೆಟ್ ನಂಬುವುದು ಬೇಡ. ಎರಡನೆಯದನ್ನು ಒಂದು ವಾರ ತಡವಾಗಿ ಶುರು ಮಾಡಿ ಬೇರೆ ಜಾಗದಲ್ಲಿಡಿ, ಜಾಲರಿ, ಮಗ್ಗು ಎಲ್ಲ ಬೇರೆ ಬೇರೆ.

ಬೆಟ್ಟಾಪ್ರಿಯ, ಬೆಂಗಳೂರು:

ಮೂವರಿಗೂ ತುಂಬಾ ಧನ್ಯವಾದ. ಲೋಟದಲ್ಲಿ ನೋಡಿದೆ, ಬಾಲ ಇಲ್ಲ, ಮೊಯಿನಾನೇ. ಏರ್ ಸ್ಟೋನ್ ತೆಗೆದೆ, ದ್ರಾವಣ ಮಾಡಿಟ್ಟೆ. ಈಗ ಮೂರು ಪ್ರಶ್ನೆ. ಬಕೆಟ್ ಗೋಡೆಗೆ ಸಣ್ಣ ದಾರದ ಥರ ಅಂಟಿಕೊಂಡಿರೋದು ಏನು, ಮುಟ್ಟಿದ್ರೆ ಮುದುಡಿಕೊಳ್ಳುತ್ತೆ. ಬೆಟ್ಟಾ ಮರಿಗೆ ಮೊಯಿನಾ ಎಷ್ಟನೇ ದಿನದಿಂದ ಹಾಕಬಹುದು, ದೊಡ್ಡದು ಚಿಕ್ಕದು ಬೇರೆ ಮಾಡೋದು ಹೇಗೆ? ಹತ್ತಿರದ ಕೆರೆಯಲ್ಲಿ ಬೇಕಾದಷ್ಟಿದೆ ಅಂತ ಒಬ್ಬರು ಹೇಳಿದ್ರು, ಅಲ್ಲಿಂದ ತರಬಹುದಾ?

ಕಡಲತಡಿ, ಮಂಗಳೂರು:

ಅದು ಹೈಡ್ರಾ. ಮೊಯಿನಾವನ್ನು ಹಿಡಿದು ತಿಂತದೆ, ಊಟ ಹೆಚ್ಚಾದಷ್ಟು ಬೇಗ ಬೆಳೀತದೆ. ಬಕೆಟಿನಲ್ಲಿ ಇದ್ದರೆ ನಷ್ಟ ಸ್ವಲ್ಪ, ಮರಿ ತೊಟ್ಟಿಗೆ ಹೋದರೆ ಬೆಟ್ಟಾ ಮರಿಗಳೇ ಅದರ ಊಟ. ಔಷಧಿ ಹಾಕುವುದಕ್ಕಿಂತ ಹೊಸದಾಗಿ ಶುರು ಮಾಡುವುದು ಒಳ್ಳೆಯದು. ಕತ್ತಲೆಯಲ್ಲಿ ಬಕೆಟಿನ ಒಂದು ಮೂಲೆಗೆ ಟಾರ್ಚ್ ಹಿಡಿಯಿರಿ, ಮೊಯಿನಾ ಬೆಳಕಿಗೆ ಬಂದು ಸೇರ್ತವೆ. ನೀರಿನ ನಡುಭಾಗದಿಂದ, ಗೋಡೆ ತಳ ಮುಟ್ಟದ ಹಾಗೆ, ಡ್ರಾಪರಿನಲ್ಲಿ ಐವತ್ತು ದೊಡ್ಡವನ್ನು ಎತ್ತಿ. ಅದೇ ಉಷ್ಣತೆಯ ತಿಳಿನೀರಿನ ಮೂರು ಬಟ್ಟಲುಗಳಲ್ಲಿ ಒಂದರ ನಂತರ ಒಂದರಂತೆ ದಾಟಿಸಿ, ಪ್ರತಿ ಬಟ್ಟಲಲ್ಲೂ ಡ್ರಾಪರ್ ತೊಳೆದು. ಹೊಸ ಪಾತ್ರೆಯನ್ನು ಎರಡು ಲೀಟರಿನಿಂದಲೇ ಶುರು ಮಾಡಿ, ಲೀಟರಿಗೆ ಇಪ್ಪತ್ತೈದು ಇದ್ದರೆ ಚೆನ್ನಾಗಿ ಏಳ್ತದೆ. ಸಂಖ್ಯೆ ಏರಿದ ಹಾಗೆ ನೀರೂ ಏರಿಸಿ. ಹಳೆ ಬಕೆಟಿಗೆ ಕುದಿಯುವ ನೀರು ಹುಯ್ದು, ಬಿಸಿಲಲ್ಲಿ ಪೂರ್ತಿ ಒಣಗಿಸಿ.

ಕೆರೆಯದ್ದು ತರಬೇಡಿ. ಅದರ ಜೊತೆ ಸೈಕ್ಲಾಪ್ಸ್ ಅನ್ನುವ ಸಣ್ಣ ಜಲಜೀವಿ ಬರ್ತದೆ, ಕೆಮಲೇನಸ್ ಹುಳ ಮೀನಿನ ಕರುಳಿಗೆ ಹೋಗುವುದು ಅದರ ಮೂಲಕ. ಮೀನಿನ ಹೇನು, ಕೊಡತಿ ಹುಳದ ಮರಿ ಕೂಡ ಉಂಟು. ಕೊಳಚೆ ಸೇರುವ ಕೆರೆಯಾದರೆ ಮೀನಿಗೆ ಇನ್ನೇನು ಹೋಗ್ತದೋ.

ಹಸಿರುನೀರು, ಮೈಸೂರು:

ಮರಿಗಳ ವಿಷಯ ನಾನು ಹೇಳುತ್ತೇನೆ. ಬೆಟ್ಟಾ ಮರಿ ಮೊಟ್ಟೆಯೊಡೆದು ಮೂರು ನಾಲ್ಕು ದಿನಕ್ಕೆ ಅಡ್ಡಕ್ಕೆ ಈಜಲು ಶುರುಮಾಡುತ್ತದೆ. ಅಲ್ಲಿಯವರೆಗೆ ಏನೂ ಹಾಕಬೇಡಿ, ಹೊಟ್ಟೆಯ ಚೀಲದಲ್ಲಿ ಆಹಾರ ಇರುತ್ತದೆ. ಈಜಿದ ಮೊದಲ ಮೂರು ನಾಲ್ಕು ದಿನ ಇನ್ಫ್ಯೂಸೋರಿಯಾ (ನೀರಿನ ಸೂಕ್ಷ್ಮಜೀವಿಗಳು), ಅದರ ಬೆನ್ನಿಗೆ ಮೊಯಿನಾ ಮರಿ. ಹೊಸದಾಗಿ ಹುಟ್ಟಿದ ಮೊಯಿನಾ 0.4 ಮಿ.ಮೀ.ಗೂ ಕಡಿಮೆ, ಆಗ ತಾನೇ ಮೊಟ್ಟೆಯೊಡೆದ ಆರ್ಟೀಮಿಯಾಗಿಂತ (ಉಪ್ಪುನೀರಿನ ಸಣ್ಣ ಸೀಗಡಿ) ಚಿಕ್ಕದು. ಇನ್ನೊಂದು ಅನುಕೂಲ, ಆರ್ಟೀಮಿಯಾ ಸಿಹಿನೀರಿನಲ್ಲಿ ಕೆಲವು ಗಂಟೆಯಲ್ಲಿ ಸತ್ತು ತಳದಲ್ಲಿ ಕೊಳೆಯುತ್ತದೆ, ಮೊಯಿನಾ ತಿನ್ನುವವರೆಗೆ ಬದುಕಿರುತ್ತದೆ.

ಬೇರ್ಪಡಿಸಲು ಸ್ಕ್ರೀನ್ ಪ್ರಿಂಟಿಂಗ್ ಸಾಮಾನಿನ ಅಂಗಡಿಗೆ ಹೋಗಿ 40 ಮೆಶ್ ಮತ್ತು 120 ಮೆಶ್ ಬಟ್ಟೆ ಕಾಲು ಮೀಟರ್ ತನ್ನಿ. ನಾಲ್ಕಿಂಚಿನ ಪಿವಿಸಿ ಪೈಪಿನ ಎರಡು ತುಂಡು ಕತ್ತರಿಸಿ ಒಂದೊಂದಕ್ಕೆ ಬಿಗಿಯಾಗಿ ಕಟ್ಟಿ. 40ರ ರಂಧ್ರ ಸುಮಾರು 0.4 ಮಿ.ಮೀ., ದೊಡ್ಡವು ಅದರ ಮೇಲೆ ಉಳಿದು ಮರಿಗಳು ಕೆಳಗಿಳಿಯುತ್ತವೆ. 120ರದ್ದು ಮರಿಗಳನ್ನು ಹಿಡಿದು ನೀರು, ಯೀಸ್ಟ್ ಚೂರುಗಳನ್ನು ಬಿಡುತ್ತದೆ. ಜರಡಿಗಳನ್ನು ನೀರು ತುಂಬಿದ ಬೋಗುಣಿಯಲ್ಲಿ ಅರ್ಧ ಮುಳುಗಿಸಿಕೊಂಡೇ ಮಗ್ಗಿನಿಂದ ನಿಧಾನವಾಗಿ ಹುಯ್ಯಿರಿ. ಒಣ ಜರಡಿಯ ಮೇಲೆ ಸುರಿದರೆ ಚಿಪ್ಪಿನೊಳಗೆ ಗಾಳಿ ಸೇರಿ ತೇಲಲು ಶುರುಮಾಡುತ್ತವೆ, ಏರ್ ಸ್ಟೋನಿನದೇ ಸಮಸ್ಯೆ. ದೊಡ್ಡವು ತಾಯಿ ಬಕೆಟಿಗೆ ವಾಪಸ್, ಮರಿಗಳು ಬೆಟ್ಟಾ ಮರಿಗಳಿಗೆ.

ಮರಿ ತೊಟ್ಟಿಗೆ ದೊಡ್ಡ ಮೊಯಿನಾ ತಪ್ಪಿಯೂ ಹೆಚ್ಚು ಬಿಡಬೇಡಿ. ಮರಿಗಳ ಬಾಯಿಗೆ ಅವು ಹಿಡಿಯುವುದಿಲ್ಲ, ಅಷ್ಟೇ ಅಲ್ಲದೆ ಮರಿಗಳಿಗೆಂದು ಇಟ್ಟ ಇನ್ಫ್ಯೂಸೋರಿಯಾವನ್ನು ಅವೇ ಸೋಸಿ ತಿಂದುಬಿಡುತ್ತವೆ. ದಿನಕ್ಕೆ ಮೂರು ಸಲ, ಪ್ರತಿ ಸಲ ಮರಿಗಳ ಹೊಟ್ಟೆ ಗುಂಡಗಾಗುವಷ್ಟು. ಒಂದು ಗಂಟೆಯ ನಂತರವೂ ನೀರಿನಲ್ಲಿ ತುಂಬಾ ಕಂಡರೆ ಮುಂದಿನ ಸಲ ಅರ್ಧ ಮಾಡಿ. ಎರಡು ವಾರ ದಾಟಿದ ಮೇಲೆ 40ರ ಜರಡಿಯ ಅಗತ್ಯವಿಲ್ಲ, ಸೋಸದೆ ಹಾಕಬಹುದು. ಜೋಡಿ ಬಿಡುವ ಮೊದಲು ಎರಡೂ ಬಕೆಟ್ ಕಡಿಮೆ ಅಂದರೂ ಎರಡು ವಾರ ಕೆಡದೆ ನಿಂತಿರಲಿ, ದಿನವೂ ಸೋಸಿ ತೆಗೆದರೂ ಮರುದಿನ ಅಷ್ಟೇ ತುಂಬಿಕೊಳ್ಳುತ್ತಿರಲಿ. ನೂರು ಬೆಟ್ಟಾ ಮರಿ ಮೂರನೇ ವಾರದಲ್ಲಿ ತಿನ್ನುವುದನ್ನು ಒಂದು ಬಕೆಟ್ ಪೂರೈಸಲಾರದು.